ನಾವಾತ್: ಇನ್ನೂರು ಜನರ ಬಾಯಲ್ಲಿ ಉಳಿದಿರೋ ಭಾಷೆ ಮತ್ತೆ ಮನೆಮಾತಾಗುತ್ತಾ?

ಪೊಟೊಮ್ಯಾಕ್_ತೀರ:
ಎಲ್ಲರಿಗೂ ನಮಸ್ಕಾರ. ನಾನಿರೋದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಈ ಕಡೆ ಎಲ್ ಸಾಲ್ವಡಾರ್‌ನಿಂದ ಬಂದು ನೆಲೆಸಿದವರು ತುಂಬಾ ಜನ. ನನ್ನ ಜೊತೆ ಕೆಲಸ ಮಾಡೋ ಒಬ್ಬರ ಅಜ್ಜಿ ಆ ದೇಶದ ಪಶ್ಚಿಮ ಭಾಗದ ನಾವಿಸಾಲ್ಕೊ ಅನ್ನೋ ಊರಿನವರು. ಅಜ್ಜಿ ತಮ್ಮ ಅಕ್ಕನ ಹತ್ತಿರ ಬೇರೆ ಯಾವುದೋ ಭಾಷೆ ಮಾತಾಡ್ತಿದ್ದರಂತೆ. ಮಕ್ಕಳು ಒಳಗೆ ಬಂದ್ರೆ ತಕ್ಷಣ ಸ್ಪ್ಯಾನಿಷ್‌ಗೆ ತಿರುಗೋರಂತೆ. ಅದು ನಾವಾತ್ ಅಂತ ಮೊಮ್ಮಗಳಿಗೆ ಗೊತ್ತಾಗಿದ್ದು ಅಜ್ಜಿ ತೀರಿಕೊಂಡ ಮೇಲೆ.

ಅವತ್ತಿಂದ ಓದ್ತಾ ಇದೀನಿ. ಮೆಕ್ಸಿಕೊದ ನಾವಾತ್ಲ್ ಭಾಷೆಗೆ 16 ಲಕ್ಷಕ್ಕಿಂತ ಹೆಚ್ಚು ಮಾತುಗಾರರು. ಅದೇ ಬಳಗದ ನಾವಾತ್‌ಗೆ ಎಲ್ ಸಾಲ್ವಡಾರ್‌ನಲ್ಲಿ ಉಳಿದಿರೋದು ಸುಮಾರು ಇನ್ನೂರು ಜನ, ಅದರಲ್ಲೂ ಹೆಚ್ಚಿನವರು ವಯಸ್ಸಾದವರು. ಇದು ನಾವಾತ್ಲ್‌ನ ಒಂದು ಪ್ರಾದೇಶಿಕ ರೂಪವೋ, ಬೇರೆಯದೇ ಭಾಷೆಯೋ? ಪಕ್ಕದ ದೇಶದಲ್ಲಿ ಇಷ್ಟು ಜನ ಇರುವಾಗ ಇಲ್ಲಿ ಮಾತ್ರ ಹೀಗೆ ಕರಗಿದ್ದು ಹೇಗೆ? ಈಗ ಅಲ್ಲಿ ಮಕ್ಕಳಿಗೆ ಕಲಿಸ್ತಾ ಇದಾರಂತೆ, ಅದರಿಂದ ನಿಜವಾಗಿ ಏನಾದ್ರೂ ಆಗುತ್ತಾ? ತಿಳಿದವರು ಹೇಳಿ.

ಹೊಸಬ_88:
ಅಜ್ಟೆಕ್ ಭಾಷೆ ಇನ್ನೂ ಬದುಕಿದೆ ಅನ್ನೋದೇ ನನಗೆ ಹೊಸ ವಿಷಯ.

ನುಡಿಯರಿಮೆ:
ಬದುಕಿದೆ, ಆದರೆ ಅದನ್ನ ಅಜ್ಟೆಕ್ ಭಾಷೆ ಅಂದ್ರೆ ತಪ್ಪು ಚಿತ್ರ ಬರುತ್ತೆ. ನಾವಾತ್ಲ್ ಒಂದೇ ಅಚ್ಚಿನ ಭಾಷೆ ಅಲ್ಲ. ಮೆಕ್ಸಿಕೊ ಸರ್ಕಾರದ ಭಾಷಾ ಸಂಸ್ಥೆಯೇ 2008ರಲ್ಲಿ ಅದರ 30 ಪ್ರಾದೇಶಿಕ ರೂಪಗಳನ್ನ ಪಟ್ಟಿ ಮಾಡಿದೆ. ಉವಾಸ್ತೆಕಾ ಕಡೆಯದ್ದು ಒಂದು ಥರ, ಪ್ಯೂಬ್ಲಾದ ಉತ್ತರ ಬೆಟ್ಟಗಳದ್ದು ಇನ್ನೊಂದು ಥರ.

ಎಲ್ ಸಾಲ್ವಡಾರ್‌ನವರು ಅಜ್ಟೆಕರ ಸಾಮ್ರಾಜ್ಯದಿಂದ ಬಂದವರೇ ಅಲ್ಲ. ಆ ಸಾಮ್ರಾಜ್ಯ ಹುಟ್ಟೋದಕ್ಕೂ ನೂರಾರು ವರ್ಷ ಮೊದಲೇ ಮೆಕ್ಸಿಕೊ ಬಿಟ್ಟು ತಂಡ ತಂಡವಾಗಿ ದಕ್ಷಿಣಕ್ಕೆ ಇಳಿದವರ ಮಾತು ಇದು. ಅಷ್ಟು ಕಾಲ ದೂರ ಇದ್ದದ್ದಕ್ಕೆ ರೂಪವೂ ಬೇರೆಯಾಯ್ತು. ಮೆಕ್ಸಿಕೊ ಕಣಿವೆಯಲ್ಲಿ ನೀರಿಗೆ 'ಆತ್ಲ್', ಇಲ್ಲಿ 'ಆತ್'. ಅಲ್ಲಿನ 'ಒ' ಇಲ್ಲಿ 'ಉ' ಆಗುತ್ತೆ. ಬಹುವಚನಕ್ಕೆ ಪದದ ಮೊದಲ ಭಾಗವನ್ನ ಎರಡು ಸಲ ಹೇಳ್ತಾರೆ: 'ಕಲ್' ಅಂದ್ರೆ ಮನೆ, 'ಕಹ್‌ಕಲ್' ಅಂದ್ರೆ ಮನೆಗಳು. ಇದರ ಮೇಲೆ ದೊಡ್ಡ ವ್ಯಾಕರಣ ಬರೆದ ಲೈಲ್ ಕ್ಯಾಂಪ್‌ಬೆಲ್ (1985) ಪ್ರತ್ಯೇಕ ಭಾಷೆ ಅಂತಲೇ ನೋಡ್ತಾರೆ.

ಗರಗದ_ಹುಡುಗ:
'ತ್ಲ್' ಹೋಗಿ 'ತ್' ಬಂತು ಅಂದ್ರ ಬ್ಯಾರೆ ಭಾಷಾ ಆಗಿಬಿಡ್ತದೇನ್ರಿ? ನೀವು ಹೇಳಿದ ಪ್ಯೂಬ್ಲಾ ಬೆಟ್ಟದಾಗ, ಕ್ವೆತ್ಸಾಲನ್ ಕಡೆ ಮಂದಿನೂ 'ತ್' ಅಂತನ ಅಂತಾರ. ಅದನ್ನ ನಾವಾತ್ಲ್ ಲೆಕ್ಕಕ್ಕ ಹಿಡಿದು ಇದನ್ನ ಯಾಕ ಹೊರಗ ಇಡ್ತೀರಿ? ನಡುವ ಒಂದು ದೇಶದ ಗಡಿ ಬಂತು ಅಂತ ಅಷ್ಟ ಅಲ್ಲೇನು?

ನುಡಿಯರಿಮೆ:
@ಗರಗದ_ಹುಡುಗ 'ತ್' ಒಂದರಿಂದಲೇ ಅಂತ ನಾನು ಹೇಳಲಿಲ್ಲ. ಮೆಕ್ಸಿಕೊದ ದಕ್ಷಿಣ ವೆರಾಕ್ರೂಸ್ ಕಡೆಯ ಮಾತಿಗೂ ನಾವಾತ್‌ಗೂ ಹತ್ತಿರದ ನಂಟಿದೆ, ನಿಜ. ಆದರೆ ಕ್ರಿಯಾಪದದ ರೂಪ, ವಾಕ್ಯದ ಕಟ್ಟು, ಪದಗಳು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಾ ಅನ್ನೋದೇ ಅಳತೆಯಾದರೆ ಮೆಕ್ಸಿಕೊ ಒಳಗಿನ ಕೆಲವು ರೂಪಗಳೇ ಪರಸ್ಪರ ಪೂರ್ತಿ ಅರ್ಥ ಆಗಲ್ಲ. ಹಾಗಾಗಿ ಈ ಗೆರೆಯನ್ನ ಎಲ್ಲಿ ಎಳೆದರೂ ಒಂದಿಷ್ಟು ತಕರಾರು ಉಳಿಯುತ್ತೆ.

ಅನುವಾದಕಿ:
ಹೊರಗಿನವರು ಏನಂತ ವಿಂಗಡಿಸ್ತಾರೆ ಅನ್ನೋದಕ್ಕಿಂತ ಅಲ್ಲಿಯವರಿಗೆ ಬೇಕಾದದ್ದು ಮುಖ್ಯ. ಪುಸ್ತಕಗಳಲ್ಲಿ ಈ ಭಾಷೆಗೆ 'ಪಿಪಿಲ್' ಅಂತ ಹೆಸರು. ಅದು 1524ರಲ್ಲಿ ಸ್ಪ್ಯಾನಿಷ್ ದಂಡನಾಯಕ ಪೆದ್ರೊ ದೆ ಅಲ್ವರಾದೊನ ಸೈನ್ಯದ ಜೊತೆ ಬಂದ, ನಾವಾತ್ಲ್ ಆಡೋ ಮೆಕ್ಸಿಕೊದ ನಾವಾ ಜನ ಇಟ್ಟ ಹೆಸರು ಅಂತ ಪ್ರತೀತಿ. ಮಾತಾಡೋರು ತಮ್ಮ ಭಾಷೆಯನ್ನ ನಾವಾತ್ ಅಂತಲೇ ಕರೀತಾರೆ. ಸ್ಪ್ಯಾನಿಷರು ಒಬ್ಬರೇ ಬಂದು ಗೆದ್ದರು ಅಂದುಕೊಳ್ಳೋರು ಇದನ್ನ ಗಮನಿಸಿ. ಮೆಕ್ಸಿಕೊದ ತ್ಲಾಸ್ಕಾಲಾ ಮುಂತಾದ ಕಡೆಯ ಮಿತ್ರಸೈನಿಕರು ಜೊತೆಗಿದ್ದರು, ಅವರಿಗೆ ಇಲ್ಲಿಯವರ ಮಾತು ಸಾಕಷ್ಟು ತಿಳೀತಿತ್ತು.

ತುಂಗಾತೀರ:
ಒಂದು ಪ್ರಾಮಾಣಿಕ ಪ್ರಶ್ನೆ. ಇನ್ನೂರು ಜನ, ಅದೂ ವಯಸ್ಸಾದವರು. ಬಡ ದೇಶ. ಭಾಷೆ ಕಲಿಸೋಕೆ ಹಾಕೋ ದುಡ್ಡನ್ನ ಆ ಊರಿನ ಆಸ್ಪತ್ರೆಗೋ ಕುಡಿಯೋ ನೀರಿಗೋ ಹಾಕಿದರೆ ಅದೇ ಜನಕ್ಕೆ ಹೆಚ್ಚು ಉಪಯೋಗ ಅಲ್ವಾ? ಧ್ವನಿಮುದ್ರಣ ಮಾಡಿ, ನಿಘಂಟು ಮಾಡಿ, ಗೌರವದಿಂದ ಕಾಪಾಡಿ. ಮಕ್ಕಳ ಮೇಲೆ ಯಾಕೆ ಹೇರಬೇಕು?

ಕಡಲತಡಿ:
ಹೇರುವುದು ಅಂತ ಯಾರು ಹೇಳಿದ್ದು ನಿಮಗೆ? ಅಪ್ಪ ಅಮ್ಮ ತಾವೇ ಮಕ್ಕಳನ್ನು ಕಳಿಸುವುದು ಮಾರಾಯ್ರೆ.

ಇತಿಹಾಸದ_ಮೇಡಂ:
ತುಂಗಾತೀರ ಅವರೇ, ಈ ಭಾಷೆ ತಾನಾಗಿ ಸವೆದು ಹೋಗಿದ್ದರೆ ನಿಮ್ಮ ಮಾತನ್ನು ಅರ್ಧವಾದರೂ ಒಪ್ಪುತ್ತಿದ್ದೆ. ಹಾಗಾಗಲಿಲ್ಲ. ಮೂಲ ಪ್ರಶ್ನೆ ಕೇಳಿದವರಿಗೂ ಇದೇ ಉತ್ತರ ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಜನವರಿ 22, 1932ರ ರಾತ್ರಿ ಎಲ್ ಸಾಲ್ವಡಾರ್‌ನ ಪಶ್ಚಿಮದಲ್ಲಿ ರೈತ ದಂಗೆ ಎದ್ದಿತು. ಇಸಾಲ್ಕೊ, ನಾವಿಸಾಲ್ಕೊ, ಹುವಾಯೂವಾ ಮುಂತಾದ ಊರುಗಳು ಕೆಲವು ದಿನ ದಂಗೆಕೋರರ ಕೈಯಲ್ಲಿದ್ದವು. ಅವರಿಂದ ಸತ್ತವರು ನೂರರೊಳಗೆ. ಅಧಿಕಾರದಲ್ಲಿದ್ದದ್ದು ಜನರಲ್ ಮ್ಯಾಕ್ಸಿಮಿಲಿಯಾನೊ ಎರ್ನಾಂದೆಸ್ ಮಾರ್ತಿನೆಸ್. 1931ರ ಡಿಸೆಂಬರ್‌ನಲ್ಲಷ್ಟೇ ಕ್ಷಿಪ್ರಕ್ರಾಂತಿಯಲ್ಲಿ ಗದ್ದುಗೆಗೆ ಬಂದವನು. ಸೈನ್ಯ ಊರುಗಳನ್ನು ಬೇಗನೆ ಮರಳಿ ಹಿಡಿಯಿತು. ಆಮೇಲೆ ಶುರುವಾದದ್ದೇ ಕೊಲೆ. ಸತ್ತವರ ಅಂದಾಜು 10,000ದಿಂದ 30,000, ಅದಕ್ಕೂ ಮೇಲೆ ಹೇಳುವವರಿದ್ದಾರೆ. ಇಸಾಲ್ಕೊದ ಮೂಲನಿವಾಸಿಗಳ ಮುಖಂಡ ಫೆಲಿಸಿಯಾನೊ ಅಮಾ ಅವರನ್ನು ನೇಣಿಗೆ ಹಾಕಿದರು. ದಂಗೆಯಲ್ಲಿ ಇದ್ದೆಯೋ ಇಲ್ಲವೋ ಎಂದು ವಿಚಾರಿಸಿ ಕೊಂದದ್ದಲ್ಲ. ಮೂಲನಿವಾಸಿಯಂತೆ ಕಂಡವರನ್ನೆಲ್ಲ ಹಿಡಿದು ಕೊಂದರು. ಆ ದೇಶದಲ್ಲಿ ಇದಕ್ಕೆ 'ಲಾ ಮತಾನ್ಸಾ' ಎಂದೇ ಹೆಸರು, ಕಗ್ಗೊಲೆ ಎಂದರ್ಥ.

ಆ ಮೇಲೆ ತಾಯಂದಿರು ಮಕ್ಕಳ ಮುಂದೆ ನಾವಾತ್ ಆಡುವುದನ್ನು ಬಿಟ್ಟರು. ಆ ಅಜ್ಜಿ ಮಕ್ಕಳು ಬಂದಾಗ ಸ್ಪ್ಯಾನಿಷ್‌ಗೆ ತಿರುಗುತ್ತಿದ್ದದ್ದು ನಾಚಿಕೆಯಿಂದ ಎಂದುಕೊಳ್ಳಬೇಡಿ. ಮಕ್ಕಳು ಬದುಕಲಿ ಅಂತ.

ಪೊಟೊಮ್ಯಾಕ್_ತೀರ:
ಮೇಡಂ, ಇದನ್ನ ಓದಿ ಸುಮ್ಮನೆ ಕೂತುಬಿಟ್ಟೆ. ನಾವಿಸಾಲ್ಕೊ ಹೆಸರು ಈ ಪಟ್ಟಿಯಲ್ಲಿ ಬರುತ್ತೆ ಅಂತ ಗೊತ್ತಿರಲಿಲ್ಲ. ಸಹೋದ್ಯೋಗಿಗೆ ಹೇಗೆ ಹೇಳಲಿ ಅಂತ ಯೋಚಿಸ್ತಿದೀನಿ. ಬಹುಶಃ ಅವರಿಗೆ ಗೊತ್ತೇ ಇರಬಹುದು.

ಹೊಸಬ_88:
ಆಮೇಲೆ ನಾವಾತ್ ಮಾತಾಡಬಾರದು ಅಂತ ಕಾನೂನೇ ಮಾಡಿದ್ದರಂತೆ ಅಲ್ವಾ? ಎಲ್ಲೋ ವಿಡಿಯೊದಲ್ಲಿ ನೋಡಿದ ನೆನಪು.

ಅನುವಾದಕಿ:
ಈ ಕಾನೂನಿನ ಮಾತು ಎಲ್ಲ ಕಡೆ ಓಡಾಡ್ತಿದೆ. ಭಾಷೆಯನ್ನೇ ನಿಷೇಧಿಸಿದ ಕಾನೂನನ್ನ ಯಾರೂ ಮುಂದಿಟ್ಟು ತೋರಿಸಿದ್ದನ್ನ ನಾನು ಕಂಡಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಅಷ್ಟು ಜನರನ್ನ ಕೊಂದ ಮೇಲೆ ಕಾಗದದ ಮೇಲೆ ಬರೀಬೇಕಾ?

ಇನ್ನೊಂದು ವಿಷಯ. ಜನಗಣತಿಯಲ್ಲಿ ಜನಾಂಗ ಕೇಳೋ ಪ್ರಶ್ನೆ 1930ರಲ್ಲಿ ಇತ್ತು. ಅದು ಮತ್ತೆ ಬಂದಿದ್ದು 2007ರಲ್ಲಿ. ಆಗ ತಾನು ಮೂಲನಿವಾಸಿ ಅಂತ ಹೇಳಿಕೊಂಡವರು ನೂರಕ್ಕೆ 0.2. ಅಷ್ಟು ದಶಕ ಲೆಕ್ಕವೇ ಇಲ್ಲದಿದ್ದ ಕಾರಣ "ನಮ್ಮ ದೇಶದಲ್ಲಿ ಇಂಡಿಯನ್ನರು (ಅಂದ್ರೆ ಮೂಲನಿವಾಸಿಗಳು) ಇಲ್ಲ" ಅಂತ ಹೇಳೋದು ಸುಲಭವಾಯ್ತು.

ನುಡಿಯರಿಮೆ:
ಅದೇ 2007ರ ಗಣತಿಯಲ್ಲಿ ನಾವಾತ್ ಮಾತಾಡ್ತೀನಿ ಅಂದವರು 97 ಜನ. ಮೇಲೆ ಹೇಳಿದ ಇನ್ನೂರು ಅನ್ನೋದು ಅಲ್ಲಿ ಕೆಲಸ ಮಾಡಿದ ಭಾಷಾತಜ್ಞರ ಅಂದಾಜು. ಗಣತಿಯವರು ಬಾಗಿಲಿಗೆ ಬಂದು ಕೇಳಿದಾಗ ಎಷ್ಟು ಜನ ಹೌದು ಅಂತಾರೆ, ಆ ಇತಿಹಾಸ ಇಟ್ಟುಕೊಂಡು ನೀವೇ ಯೋಚಿಸಿ.

ಬಾಳೆಹೊನ್ನೂರು_ತೋಟ:
ಮೇಡಂ ಬರೆದದ್ದಕ್ಕೆ ಒಂದು ಸೇರಿಸ್ಬೇಕು. ಕತೆ 1932ರಿಂದ ಶುರು ಮಾಡಿದ್ರೆ ಅರ್ಧ ಮಾತ್ರ ಆಯ್ತು. ಕಾಫಿ ಬಿಟ್ಟು ಈ ವಿಷ್ಯ ಅರ್ಥ ಆಗಲ್ಲ.

ನಾವು ಮೂರು ತಲೆಮಾರಿನಿಂದ ಕಾಫಿ ಬೆಳೆಯೋರು, ಹಂಗಾಗಿ ಮಧ್ಯ ಅಮೆರಿಕದ ಕಾಫಿ ಚರಿತ್ರೆ ಹುಡುಕಿ ಓದೋ ಅಭ್ಯಾಸ ನಂಗೆ. ಇಸಾಲ್ಕೊ ಸುತ್ತಮುತ್ತ ಬೆಂಕಿಬೆಟ್ಟದ ಮಣ್ಣು, ಒಳ್ಳೇ ಎತ್ತರ, ಕಾಫಿಗೆ ಹೇಳಿ ಮಾಡಿಸಿದ ಜಾಗ. ಆದರೆ ಆ ಇಳಿಜಾರುಗಳಲ್ಲಿ ಎಷ್ಟೋ ಜಮೀನು ಒಬ್ಬರ ಹೆಸರಲ್ಲಿ ಇರ್ಲಿಲ್ಲ. ಊರೊಟ್ಟಿನ ಜಮೀನು, ಮೂಲನಿವಾಸಿಗಳು ಮೆಕ್ಕೆಜೋಳ, ಬೀನ್ಸ್ ಜಾತಿಯ ಕಾಳು ಬೆಳ್ಕೊಂಡು ಇದ್ರು. 1881ರಲ್ಲಿ ಒಂದು ಕಾಯ್ದೆ, 1882ರಲ್ಲಿ ಇನ್ನೊಂದು ಕಾಯ್ದೆ ತಂದು ಸರ್ಕಾರ ಈ ಸಮುದಾಯದ ಜಮೀನು ಪದ್ಧತಿಯನ್ನೇ ರದ್ದು ಮಾಡ್ತು. ಕಾಗದಪತ್ರ ಗೊತ್ತಿದ್ದೋರು, ದುಡ್ಡಿದ್ದೋರು ತೋಟದ ಯಜಮಾನರಾದ್ರು. ಜಮೀನು ಇದ್ದೋನು ಅದೇ ಜಮೀನಲ್ಲಿ ಹಣ್ಣು ಕೊಯ್ಯೋ ಕೂಲಿ ಆದ.

1929ರ ಮೇಲೆ ಜಗತ್ತಿನ ಕಾಫಿ ಬೆಲೆ ಬಿತ್ತು. ರಫ್ತಿನ ಬಹುಪಾಲು ಕಾಫಿಯೇ ಆಗಿರೋ ದೇಶಕ್ಕೆ ಅದರ ಪೆಟ್ಟು ಹೆಂಗಿರುತ್ತೆ? ಕೂಲಿ ಇಳಿಸಿದ್ರು, ಕೆಲವು ಕಡೆ ಕೊಯ್ಲೇ ನಿಲ್ಲಿಸಿದ್ರು. ಆ ಹಸಿವೇ ದಂಗೆ ಆಗಿದ್ದು. ಊರೊಟ್ಟಿನ ಜಮೀನು ಹೋದಾಗಲೇ ಭಾಷೆ ಆಡೋ ಜಾಗ ಹೋಗಿತ್ತು. ಸ್ವಂತ ಹೊಲದಲ್ಲಿ ನಾವಾತ್ ಸಾಕು, ತೋಟದ ಮೇಸ್ತ್ರಿ ಹತ್ರ ಕೂಲಿ ಕೇಳೋಕೆ ಸ್ಪ್ಯಾನಿಷ್ ಬೇಕು.

ಗರಗದ_ಹುಡುಗ:
ತೋಟದ ಅಣ್ಣಾ, ಇದು ಖರೇ ಮಾತು. ಈ ಲೆಕ್ಕದಾಗ ನಾ ಯೋಚನೆನ ಮಾಡಿರಲಿಲ್ಲ.

ಇತಿಹಾಸದ_ಮೇಡಂ:
ತೋಟದವರು ಹೇಳಿದ್ದು ಒಪ್ಪುತ್ತೇನೆ, ಆದರೆ ಒಂದು ಎಚ್ಚರ. ಜಮೀನಿನಿಂದಲೇ ಎಲ್ಲ ಆಯಿತು, 1932 ಬರೀ ಕೊನೆಯ ಪೆಟ್ಟು ಎಂದು ಹೇಳತೊಡಗಿದರೆ ಕೊಂದವರ ಹೊಣೆ ಹಗುರವಾಗುತ್ತದೆ. ಲಿಯೊನ್‌ಹಾರ್ಡ್ ಶುಲ್ಟ್ಸೆ-ಯೇನಾ ಎಂಬ ಜರ್ಮನ್ ವಿದ್ವಾಂಸ 1930ರಲ್ಲಿ ಇಸಾಲ್ಕೊಗೆ ಹೋಗಿ ನಾವಾತ್‌ನಲ್ಲಿ ಪುರಾಣಕತೆಗಳನ್ನು ಬರೆದುಕೊಂಡಿದ್ದರು, ಅದು 1935ರಲ್ಲಿ ಪ್ರಕಟವಾಯಿತು. ಜಮೀನು ಹೋಗಿ ಐವತ್ತು ವರ್ಷವಾಗಿದ್ದರೂ ಅಲ್ಲಿ ಇಂಥ ಕತೆಗಳನ್ನು ನಿರರ್ಗಳವಾಗಿ ಹೇಳುವವರಿದ್ದರು. ಅವರು ಕತೆ ಬರೆದುಕೊಂಡು ಹೋದ ಮೇಲೆ ಎರಡು ವರ್ಷದೊಳಗೆ ಆ ಊರಿಗೆ ಸೈನ್ಯ ನುಗ್ಗಿತು. ಅವರ ಪುಸ್ತಕ ಇಲ್ಲದಿದ್ದರೆ ಅಲ್ಲಿನ ಎಷ್ಟು ಕತೆಗಳು ನಮಗೆ ಸಿಗುತ್ತಿದ್ದವೋ.

ಬಾಳೆಹೊನ್ನೂರು_ತೋಟ:
ಹೊಣೆ ಹಗುರ ಮಾಡೋ ಉದ್ದೇಶ ಅಲ್ಲ ಮೇಡಂ. ಜಮೀನು ಕಿತ್ಕೊಂಡೋರೂ ಗುಂಡು ಹಾರಿಸಿದೋರ ಹಿಂದೆ ನಿಂತೋರೂ ಒಂದೇ ವರ್ಗದವರು ಅಂತ ನಾ ಹೇಳ್ತಿರೋದು.

ಕೊಡಗಿನ_ಕಿತ್ತಳೆ:
ಇದನ್ನೆಲ್ಲ ಓದುವಾಗ ನಮ್ಮ ಕೊಡವ ತಕ್ಕ್ ನೆನಪಾಯ್ತು. ನಮ್ಮ ಮನೆ ಮಕ್ಕಳೂ ಇಂಗ್ಲಿಷ್‌ನಲ್ಲೇ ಉತ್ತರ ಕೊಡೋದು. ಎಲ್ಲ ಕಡೆ ಇದೇ ಕತೆ.

ಅನುವಾದಕಿ:
ನಿಮ್ಮ ಸಂಕಟ ಅರ್ಥ ಆಗುತ್ತೆ, ಅದಕ್ಕೆ ಬೇರೆ ಎಳೆ ಶುರು ಮಾಡಿ, ನಾನೂ ಬರ್ತೀನಿ. ಆದರೆ ಇದೇ ಕತೆ ಅನ್ನೋದನ್ನ ಒಪ್ಪಲ್ಲ. ಶಾಲೆಯಿಂದ, ಕೆಲಸದಿಂದ ಭಾಷೆ ಹಿಂದೆ ಸರಿಯೋದು ಬೇರೆ. ಮಾತಾಡಿದರೆ ಜೀವಕ್ಕೆ ಅಪಾಯ ಅಂತ ಬಾಯಿ ಕಟ್ಟಿಕೊಂಡದ್ದು ಬೇರೆ.

ಹೊಸಬ_88:
ಬೇರೆ ವಿಷಯ, ಸಪೋಟ ಅನ್ನೋ ಹೆಸರು ನಾವಾತ್ಲ್‌ನದ್ದಂತೆ! ಟೊಮ್ಯಾಟೊ, ಚಾಕೊಲೇಟ್ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಗರಗದ_ಹುಡುಗ:
ಹೌದಪಾ, 'ತ್ಸಾಪೊತ್ಲ್' ಸ್ಪ್ಯಾನಿಷರ ಬಾಯಿಗೆ ಬಿದ್ದು 'ಸಪೋತೆ' ಆತು, ಅಲ್ಲಿಂದ ನಮ್ಮ ಸಂತಿಗೂ ಬಂತು. ಈಗ ವಿಷಯಕ್ಕ ಬರೂಣು. ಆ ಮಕ್ಕಳ ಶಾಲಿದು ಏನು, ಯಾರರ ಹೇಳ್ರಿ.

ಕಡಲತಡಿ:
ನಾನು ಹೇಳ್ತೇನೆ. ನಾನು ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಹಾಗಾಗಿ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಸೊನ್ಸೊನಾತೆ ಜಿಲ್ಲೆಯ ಸಾಂತೊ ದೊಮಿಂಗೊ ದೆ ಗುಸ್ಮಾನ್ ಅಂತ ಊರು. ನಾವಾತ್‌ನಲ್ಲಿ ಅದಕ್ಕೆ ವಿಟ್ಸಾಪನ್ ಅಂತ ಹೇಳುವುದು. ರೊಟ್ಟಿ ಸುಡುವ ಮಣ್ಣಿನ ಕಾವಲಿ ಮಾಡುವುದಕ್ಕೆ ಹೆಸರಾದ ಊರು ಅದು. ಉಳಿದ ಮಾತುಗಾರರಲ್ಲಿ ಹೆಚ್ಚಿನವರು ಅಲ್ಲಿಯೇ ಇರುವುದು. 2010ರಲ್ಲಿ ಡಾನ್ ಬಾಸ್ಕೊ ವಿಶ್ವವಿದ್ಯಾಲಯದವರು ಅಲ್ಲಿ 'ಕೂನಾ ನಾವಾತ್' ಶುರು ಮಾಡಿದರು. ಭಾಷಾತಜ್ಞ ಹೊರ್ಹೆ ಲೆಮುಸ್ ಅವರ ಮುಂದಾಳತ್ವ. ಕೂನಾ ಅಂದರೆ ತೊಟ್ಟಿಲು.

ಮೂರರಿಂದ ಐದು ವರ್ಷದ ಮಕ್ಕಳು. ಕಲಿಸುವವರು ಊರಿನದೇ ಹೆಂಗಸರು, ನಾವಾತ್ ಹುಟ್ಟಿನಿಂದ ಬಲ್ಲವರು. ಅವರನ್ನು ಗೌರವದಿಂದ 'ನಾಂತ್ಸಿನ್' ಅಂತ ಕರೆಯುವುದು, ನಾವು ಅಮ್ಮ ಅಂತ ಕರೆದ ಹಾಗೆ. ಕಾವಲಿ ಮಾಡಿ ಮಾರಿ ಬದುಕುತ್ತಿದ್ದವರು ಈಗ ಟೀಚರು. ಪುಸ್ತಕ ಹಿಡಿದು ಪಾಠ ಇಲ್ಲ. ಆಟ, ಹಾಡು, ತಿಂಡಿ, ಕೈತೊಳೆಯುವುದು ಎಲ್ಲ ನಾವಾತ್‌ನಲ್ಲಿ. 'ಶಿಮುತಾಲಿ' ಅಂದರೆ ಕೂತುಕೋ. ಆ ಪ್ರಾಯದ ಮಕ್ಕಳಿಗೆ ವ್ಯಾಕರಣ ಬೇಕಾಗಿಲ್ಲ, ದಿನಾ ಅದೇ ಮಾತು ಅದೇ ಕೆಲಸದ ಜೊತೆ ಕಿವಿಗೆ ಬಿದ್ದರೆ ತನ್ನಿಂದ ತಾನೇ ಬರ್ತದೆ. ಇದನ್ನು ನಾನು ದಿನಾ ಕಣ್ಣಾರೆ ಕಾಣುವವಳು.

ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ, ಹವಾಯಿಯವರು 1984ರಲ್ಲಿ ಇಂಥದ್ದೇ ಶುರು ಮಾಡಿದ್ದು. ಅಲ್ಲಿ ಫಲ ಸಿಕ್ಕಿದೆ. ತುಂಗಾತೀರದವರೇ, ಆಸ್ಪತ್ರೆ ನೀರು ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಜೀವಮಾನ ಇಡೀ ನಿನ್ನ ಮಾತಿಗೆ ಬೆಲೆ ಇಲ್ಲ ಅಂತ ಕೇಳಿಸಿಕೊಂಡ ಹೆಂಗಸಿಗೆ ಅದೇ ಮಾತಿಗಾಗಿ ಕೆಲಸ ಕೊಟ್ಟು ಮಕ್ಕಳನ್ನು ಮಡಿಲಿಗೆ ಕೊಟ್ಟಿದ್ದಾರಲ್ಲ, ಅದನ್ನು ದುಂದು ಅಂತ ನನಗೆ ಒಪ್ಪಲಿಕ್ಕೆ ಆಗುವುದಿಲ್ಲ.

ತುಂಗಾತೀರ:
ದುಂದು ಅಂತ ನಾನು ಅನ್ನಲಿಲ್ಲ. ಸರಿ, ನೀವು ಮಕ್ಕಳ ಜೊತೆ ಇರೋರು, ನಿಮ್ಮನ್ನೇ ಕೇಳ್ತೀನಿ. ಐದು ವರ್ಷಕ್ಕೆ ತೊಟ್ಟಿಲು ಬಿಟ್ಟ ಮಗು ಸ್ಪ್ಯಾನಿಷ್ ಶಾಲೆಗೆ ಹೋಗುತ್ತೆ. ಮನೆಯಲ್ಲಿ ಅಪ್ಪ ಅಮ್ಮಂಗೆ ನಾವಾತ್ ಬರಲ್ಲ. ಹತ್ತನೇ ವಯಸ್ಸಿಗೆ ಅದರ ಬಾಯಲ್ಲಿ ಎಷ್ಟು ಉಳಿದಿರುತ್ತೆ? ಮಾವೊರಿಗಳು ಶಾಲೆ, ರೇಡಿಯೊ, ಟಿವಿ ತನಕ ಎಲ್ಲ ಕಟ್ಟಿದರು. ಅವರ ಸಂಖ್ಯೆಯೂ ದೊಡ್ಡದು.

ಕಡಲತಡಿ:
ಈ ಪ್ರಶ್ನೆ ಸರಿಯಾದದ್ದು. ಕಷ್ಟ ಇರುವುದು ಅಲ್ಲಿಯೇ.

ನುಡಿಯರಿಮೆ:
ತುಂಗಾತೀರ ಸರ್ ಹೇಳಿದ ಕೊಂಡಿ ನಿಜಕ್ಕೂ ದುರ್ಬಲ. ಅದಕ್ಕೇ ನಾನು ಮಕ್ಕಳಿಗಿಂತ ಇಪ್ಪತ್ತು ಮೂವತ್ತರ ಪ್ರಾಯದವರ ಕಡೆ ಹೆಚ್ಚು ನೋಡೋದು. ಸ್ಪೇನ್‌ನ ಬಾಸ್ಕ್ ನಾಡಿನಲ್ಲಿ ನೆಲೆಸಿದ್ದ ಬ್ರಿಟಿಷ್ ಭಾಷಾಶಾಸ್ತ್ರಜ್ಞ ಅಲನ್ ಕಿಂಗ್, ಹಿರಿಯ ಮಾತುಗಾರರ ಜೊತೆ ಕೂತು ದೊಡ್ಡವರಿಗಾಗಿ ಪಾಠಗಳನ್ನ ಸಿದ್ಧ ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಬೈಬಲ್‌ನ ಹೊಸ ಒಡಂಬಡಿಕೆಯನ್ನೂ ನಾವಾತ್‌ಗೆ ತಂದರು. ಅದರಿಂದ ರಾಜಧಾನಿಯ ಹುಡುಗ ಹುಡುಗಿಯರು, ಅಮೆರಿಕಕ್ಕೆ ಹೋದವರ ಮಕ್ಕಳು ಕಲಿಯೋಕೆ ಶುರು ಮಾಡಿದರು. ನಾಳೆ ಇವರಿಗೆ ಮಕ್ಕಳಾದರೆ ಮನೆಯಲ್ಲಿ ನಾವಾತ್ ಆಡಬಲ್ಲ ಅಪ್ಪ ಅಮ್ಮ ಇರ್ತಾರೆ.

ಅನುವಾದಕಿ:
ಅಲ್ಲೇ ಇನ್ನೊಂದು ಜಗಳವೂ ಇದೆ. ಪಟ್ಟಣದಲ್ಲಿ ಪುಸ್ತಕದಿಂದ ಕಲಿತವರ ಮಾತಿಗೆ ಸ್ಪ್ಯಾನಿಷ್ ವಾಸನೆ ಅನ್ನೋರಿದ್ದಾರೆ. ಬರೆಯೋ ರೀತಿಯೂ ಒಂದಿಲ್ಲ. ಕಿಂಗ್ ಅವರ ಕಾಗುಣಿತ ಒಂದು, ಬೇರೆಯವರದ್ದು ಇನ್ನೊಂದು. ಭಾಷೆಯ ಹೆಸರನ್ನೇ ಎರಡು ಥರ ಬರೀತಾರೆ. ಇಷ್ಟು ಕಡಿಮೆ ಜನ ಇರುವಾಗ ಎರಡು ಕಾಗುಣಿತ ಹಿಡಿದು ಹಟ ಮಾಡೋದು ನನಗಂತೂ ನೋವಿನ ವಿಷಯ.

ಗರಗದ_ಹುಡುಗ:
ಸ್ಪ್ಯಾನಿಷ್ ವಾಸನಿ ಬಂದ್ರ ಬರಲಿ ಬಿಡ್ರಿ. 'ಪಾದಿಯುಶ್' ಅಂತಾರಲ್ಲ ನಾವಾತ್‌ನಾಗ ಧನ್ಯವಾದಕ್ಕ, ಅದೂ ಸ್ಪ್ಯಾನಿಷ್‌ನಿಂದ ಬಂದದ್ದ. ವಿಟ್ಸಾಪನ್ ಮುದುಕ್ಯಾರು ಅದನ್ನ ಅಂತಾರ, ಅವರ ನಾವಾತ್‌ಗೆ ಏನೂ ಕಮ್ಮಿ ಆಗಿಲ್ಲ. ಹೊಸದಾಗಿ ಕಲಿತವನಿಗೆ ನೀ ತಪ್ಪು ಆಡ್ತಿ, ನೀ ತಪ್ಪು ಆಡ್ತಿ ಅಂತ ಹತ್ತು ಸಲ ಅಂದ್ರ ಹನ್ನೊಂದನೇ ಸಲ ಅವ ಬಾಯಿ ತೆರಿಯೂದಿಲ್ಲ.

ನುಡಿಯರಿಮೆ:
ಮಾತು ತಿದ್ದಬೇಕು, ಆದರೆ ತಿದ್ದೋ ಹಕ್ಕು ಮೊದಲು ವಿಟ್ಸಾಪನ್‌ನ ಹಿರಿಯರದ್ದು, ಪಟ್ಟಣದ ಪಂಡಿತರದ್ದಲ್ಲ. ಅವರಿರುವಾಗಲೇ ಹೋಗಿ ಕೂತು ಕೇಳಿಸಿಕೊಳ್ಳದೆ ಬರೀ ಪಿಡಿಎಫ್‌ನಿಂದ ಕಲಿತರೆ ಒತ್ತು, ರಾಗ, ಮಾತಿನ ನಡುವಿನ ಸಣ್ಣ ಸಣ್ಣ ಪದಗಳು ಬರಲ್ಲ.

ತುಂಗಾತೀರ:
ಸರ್ಕಾರ ಏನಾದ್ರೂ ಮಾಡಿದೆಯಾ, ಅಥವಾ ಎಲ್ಲ ವಿಶ್ವವಿದ್ಯಾಲಯದ ಮೇಲೆಯೇ ಬಿಟ್ಟಿದೆಯಾ?

ಇತಿಹಾಸದ_ಮೇಡಂ:
2010ರಲ್ಲಿ ಆಗಿನ ಅಧ್ಯಕ್ಷ ಮೌರಿಸಿಯೊ ಫುನೆಸ್ ಸರ್ಕಾರದ ಪರವಾಗಿ ಮೂಲನಿವಾಸಿಗಳ ಕ್ಷಮೆ ಕೇಳಿದರು. 2014ರಲ್ಲಿ ಸಂವಿಧಾನದ 63ನೇ ವಿಧಿಗೆ ತಿದ್ದುಪಡಿ ತಂದು ಮೂಲನಿವಾಸಿ ಸಮುದಾಯಗಳನ್ನು ಗುರುತಿಸಿದರು. ಕಗ್ಗೊಲೆಯಾಗಿ 82 ವರ್ಷದ ಮೇಲೆ. ಕಾಗದದ ಮೇಲೆ ಇದು ದೊಡ್ಡದು. ಆದರೆ ನೀವು ಕೇಳಿದ ಆ ಐದರಿಂದ ಹತ್ತು ವರ್ಷದ ನಡುವಿನ ಶಾಲೆಯನ್ನು ತುಂಬುವುದು ಸರ್ಕಾರದ್ದೇ ಕೆಲಸ. ನಾವಾತ್ ಬಲ್ಲ ಶಿಕ್ಷಕರನ್ನು ತಯಾರು ಮಾಡಿ ಸಂಬಳ ಕೊಟ್ಟು ನೇಮಿಸದೆ ಅದು ಆಗುವುದಿಲ್ಲ.

ತುಂಗಾತೀರ:
ಆ ಮಾತಿಗೆ ನನ್ನ ತಕರಾರಿಲ್ಲ. ಮಾಡುವುದಾದರೆ ಪೂರ್ತಿ ಮಾಡಬೇಕು ಅನ್ನೋದೇ ನನ್ನ ವಾದ. ತೊಟ್ಟಿಲಿಗೆ ಮಾತ್ರ ದುಡ್ಡು ಕೊಟ್ಟು ಶಾಲೆಗೆ ಕೊಡದಿದ್ದರೆ ಆ ಮಕ್ಕಳಿಗೂ ಆ ನಾಂತ್ಸಿನ್‌ಗಳಿಗೂ ಅನ್ಯಾಯ.

ಪೊಟೊಮ್ಯಾಕ್_ತೀರ:
ಎಲ್ಲರಿಗೂ ಧನ್ಯವಾದ, ಒಂದು ಪ್ರಶ್ನೆ ಕೇಳಿ ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಸಹೋದ್ಯೋಗಿ ಹತ್ತಿರ ಮಾತಾಡಿದೆ. 1932 ಅವರಿಗೆ ಗೊತ್ತಿತ್ತು, ಆದರೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲವಂತೆ. ಕಲಿಯೋಕೆ ಶುರು ಮಾಡಬೇಕು ಅಂತಿದಾರೆ. ಸ್ಪ್ಯಾನಿಷ್ ಚೆನ್ನಾಗಿ ಬರುತ್ತೆ. ಮೊದಲು ಏನು ಹಿಡಿಯೋದು?

ನುಡಿಯರಿಮೆ:
ಸ್ಪ್ಯಾನಿಷ್ ಬಂದರೆ ಅರ್ಧ ದಾರಿ ಸುಲಭ. ಕಿಂಗ್ ಅವರ ಪಾಠಗಳು ಸ್ಪ್ಯಾನಿಷ್‌ನಲ್ಲೇ ಇವೆ, ಅಲ್ಲಿಂದ ಶುರು ಮಾಡಲಿ, ಒಂದೇ ಕಾಗುಣಿತ ಹಿಡಿದುಕೊಳ್ಳಲಿ. ಜೊತೆಗೆ ವಿಟ್ಸಾಪನ್ ಹಿರಿಯರು ಮಾತಾಡಿರೋ ವಿಡಿಯೊಗಳನ್ನ ದಿನಾ ಸ್ವಲ್ಪ ಕೇಳಲಿ. ಮೆಕ್ಸಿಕೊದ ನಾವಾತ್ಲ್ ಪಾಠಗಳನ್ನ ಈಗಲೇ ಬೆರೆಸಬೇಡಿ ಅಂತ ಹೇಳಿ, ಎರಡೂ ಕಲಸಿಹೋಗುತ್ತೆ.

ಕಡಲತಡಿ:
ಮತ್ತೆ ಅವರ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಈಗಲೇ ಕೇಳಲಿ. ಬರುವುದಿಲ್ಲ ಅಂತ ಹೇಳುವವರಿಗೂ ಅಡುಗೆಮನೆಯ ನಾಲ್ಕು ಮಾತು ನೆನಪಿರ್ತದೆ. ಅಜ್ಜಿಯ ಅಕ್ಕನ ಮಕ್ಕಳು ಯಾರಾದರೂ ನಾವಿಸಾಲ್ಕೊದಲ್ಲಿ ಇದ್ದಾರಾ ಅಂತ ವಿಚಾರಿಸಿ ನೋಡಿ.

ಪೊಟೊಮ್ಯಾಕ್_ತೀರ:
ಇದಾರಂತೆ, ಒಬ್ಬರು. ಭಾನುವಾರ ಫೋನ್ ಮಾಡ್ತಾರಂತೆ.